ಆರು ವರ್ಷದ ಧ್ಯಾನ ಮತ್ತು ಕರಪತ್ರದ ಮೂರನೆಯ ಪುಟ

ಒಂದು ಧ್ಯಾನ ಸಂಸ್ಥೆಯ ಪ್ರಾಥಮಿಕ ಶಿಬಿರವನ್ನು ಆರು ವರ್ಷಗಳ ಹಿಂದೆ ಮುಗಿಸಿ, ಅಂದಿನಿಂದ ಹೆಚ್ಚುಕಡಿಮೆ ದಿನ ತಪ್ಪದೆ ಕೂರುತ್ತಿರುವವನ ವಿಮರ್ಶೆ ಇದು. ಶಿಬಿರ ಎಷ್ಟು ದಿನ, ಏನೇನು ಕಲಿಸುತ್ತಾರೆ ಎಂಬುದನ್ನು ಅವರ ಕರಪತ್ರವೇ ಹೇಳುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನನ್ನ ತಕರಾರು ಇರುವುದು ಆ ಕರಪತ್ರದ ಮೇಲೆಯೇ, ಏಕೆಂದರೆ ಅದರ ಮೂರನೆಯ ಪುಟದಲ್ಲಿ ಎರಡು ವರ್ಷ ಕಾಲ ನನ್ನದೇ ಒಂದು ವಾಕ್ಯ ಅಚ್ಚಾಗಿತ್ತು.

ಮೊದಲು ಅಭ್ಯಾಸದ ಮಾತು. ಮನೆಯವರು ಏಳುವ ಅರ್ಧ ಗಂಟೆ ಮೊದಲು ಎದ್ದು, ಫೋನನ್ನು ಬೇರೆ ಕೋಣೆಯಲ್ಲಿ ಬೋರಲು ಹಾಕಿ, ಚಾಪೆಯ ಸವೆದ ಅಂಚನ್ನು ಒಳಕ್ಕೆ ಮಡಚಿ ಕೂರುತ್ತೇನೆ. ಸಮಯ ನೋಡಲು ಹಳೆಯ ಅಲಾರಂ ಗಡಿಯಾರವೊಂದಿದೆ. ಅದರ ಟಿಕ್ ಟಿಕ್ ಕೇಳದಿರಲೆಂದು ಟವೆಲಿನಲ್ಲಿ ಸುತ್ತಿಡುತ್ತೇನೆ. ಮೊದಲ ಐದು ನಿಮಿಷ ಉಸಿರಿಗಿಂತ ಹೆಚ್ಚಾಗಿ ಅಂದು ಮಾಡಬೇಕಾದ ಕೆಲಸಗಳ ಪಟ್ಟಿಯೇ ಓಡುತ್ತಿರುತ್ತದೆ. ಆಮೇಲೆ ಕೆಲವು ದಿನ, ಎಲ್ಲ ದಿನವೂ ಅಲ್ಲ, ಅಡುಗೆಮನೆಯ ಫ್ರಿಜ್ಜಿನ ಮೋಟಾರು ನಿಲ್ಲುತ್ತದೆ, ಮತ್ತು ಅದು ನಿಂತಾಗಲೇ ಇಷ್ಟು ಹೊತ್ತು ಸದ್ದು ಮಾಡುತ್ತಿತ್ತೆಂಬುದು ತಿಳಿಯುತ್ತದೆ. ಮನಸ್ಸಿನಲ್ಲಿಯೂ ಒಮ್ಮೊಮ್ಮೆ ಹಾಗೆಯೇ ಏನೋ ಒಂದು ನಿಲ್ಲುತ್ತದೆ. ಶಿಬಿರದಲ್ಲಿ ಇದಕ್ಕೆ ದೊಡ್ಡ ಹೆಸರೊಂದಿದೆ. ನನಗೆ ಫ್ರಿಜ್ಜಿನ ಹೋಲಿಕೆಯೇ ಸಾಕು. ಶಿಬಿರದ ಶುಲ್ಕ ನನ್ನ ಅಂದಿನ ಸಂಬಳಕ್ಕೆ ಭಾರವಾಗಿತ್ತು, ಆದರೂ ಈ ಒಂದು ಕ್ಷಣದ ಲೆಕ್ಕದಲ್ಲಿ ಅದು ಎಂದೋ ತೀರಿದೆ.

ಎರಡನೆಯ ವರ್ಷ ಅನುಭವ ಬರೆದುಕೊಡುವಂತೆ ಕೇಳಿದರು. ಸಂತೋಷದಿಂದಲೇ ಬರೆದೆ: ‘ಧ್ಯಾನ ಆರಂಭಿಸಿದ ಮೇಲೆ ನಿದ್ದೆ ಸ್ವಲ್ಪ ಸುಧಾರಿಸಿದೆ, ಆದರೆ ಅದೇ ತಿಂಗಳುಗಳಲ್ಲಿ ನನ್ನ ರಾತ್ರಿ ಪಾಳಿಯೂ ತಪ್ಪಿತು.’ ಕರಪತ್ರದಲ್ಲಿ ಬಂದದ್ದು: ‘ಧ್ಯಾನ ಆರಂಭಿಸಿದ ಮೇಲೆ ನಿದ್ದೆ ಸುಧಾರಿಸಿದೆ.’ ‘ಸ್ವಲ್ಪ’ ಹೋಗಿತ್ತು, ರಾತ್ರಿ ಪಾಳಿಯೂ ಹೋಗಿತ್ತು. ಕೇಳಿದ್ದಕ್ಕೆ, ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯ ಸ್ವಯಂಸೇವಕರು ಬಹಳ ಸೌಜನ್ಯದಿಂದ, ‘ನಿಮ್ಮ ಮಾತನ್ನು ನಾವು ಬದಲಿಸಿಲ್ಲ ಸರ್, ಚಿಕ್ಕದು ಮಾಡಿದ್ದೇವೆ, ಅಷ್ಟೇ’ ಎಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ನನಗೆ ಇಂದಿಗೂ ಕಿರಿಕಿರಿಯಾಗುವುದು ಅದಕ್ಕಾಗಿಯೇ.

ಅಲ್ಲಿಂದ ಮುಂದೆ ಅವರ ಪ್ರತಿಯೊಂದು ಕಾಗದವನ್ನೂ ಏನು ಕತ್ತರಿಸಿರಬಹುದೆಂದು ಹುಡುಕುತ್ತಲೇ ಓದುವ ಚಟ ಹತ್ತಿತು. ಅನುಭವದ ನಮೂನೆಯಲ್ಲಿ ಲಾಭ ಎಷ್ಟಾಯಿತು ಎಂಬ ಪ್ರಶ್ನೆಗೆ ಸ್ವಲ್ಪ, ಸಾಕಷ್ಟು, ಅಪಾರ ಎಂಬ ಮೂರು ಚೌಕಗಳಿವೆ. ‘ಏನೂ ಇಲ್ಲ’ ಎಂಬ ಚೌಕವಿಲ್ಲ, ‘ತೊಂದರೆಯಾಯಿತು’ ಎಂಬುದಂತೂ ಇಲ್ಲವೇ ಇಲ್ಲ. ಆ ನಮೂನೆ ತಲುಪುವುದು ಇನ್ನೂ ಬರುತ್ತಿರುವವರಿಗೆ ಮಾತ್ರ. ನನ್ನ ಜೊತೆ ಕಲಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವರ್ಷ ತುಂಬುವುದರೊಳಗೆ ಬಿಟ್ಟಿದ್ದರು, ಅವರನ್ನು ಯಾರೂ ಏನನ್ನೂ ಕೇಳಲಿಲ್ಲ. ಹೀಗಿದ್ದಾಗ ‘ನಮ್ಮ ಸಾಧಕರೆಲ್ಲರೂ ಲಾಭ ಪಡೆದಿದ್ದಾರೆ’ ಎಂಬ ಸಾಲು ನಿಜವಾಗಿರಲೇಬೇಕು, ಬೇರೆ ದಾರಿಯೇ ಇಲ್ಲ.

‘ವಿಜ್ಞಾನದಿಂದ ಸಾಬೀತಾಗಿದೆ’ ಎಂಬ ಸಾಲಿನ ಕಥೆಯೂ ನನ್ನ ವಾಕ್ಯದ ಕಥೆಯೇ. ಕರಪತ್ರ ಆಧಾರವಾಗಿ ತೋರಿಸುವುದು 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಸಮೀಕ್ಷೆಯನ್ನು. ಒಟ್ಟು 3,515 ಜನರನ್ನು ಒಳಗೊಂಡ 47 ಪ್ರಯೋಗಗಳನ್ನು ತೂಗಿನೋಡಿದ ಆ ಸಮೀಕ್ಷೆ, ಅರಿವಿನ ಧ್ಯಾನದಿಂದ (ಮೈಂಡ್‌ಫುಲ್‌ನೆಸ್) ಆತಂಕ, ಖಿನ್ನತೆ ಮತ್ತು ನೋವು ಒಂದಿಷ್ಟು ತಗ್ಗುತ್ತವೆ ಎಂಬುದಕ್ಕೆ ಮಧ್ಯಮ ಮಟ್ಟದ ಪುರಾವೆ ಇದೆಯೆಂದು ಹೇಳಿತು. ವ್ಯಾಯಾಮ, ಔಷಧಿಯಂತಹ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲು ಪುರಾವೆಯಿಲ್ಲವೆಂದೂ ಅದೇ ಉಸಿರಿನಲ್ಲಿ ಹೇಳಿತು. ಕರಪತ್ರದಲ್ಲಿ ‘ಮಧ್ಯಮ’ ಎಂಬ ಪದವೂ ಇಲ್ಲ, ವ್ಯಾಯಾಮದ ಮಾತೂ ಇಲ್ಲ. ಚಿಕ್ಕದು ಮಾಡಿದ್ದಾರೆ, ಅಷ್ಟೇ.

ಈ ಜಾಡು ಇವರೇ ಕಂಡುಹಿಡಿದದ್ದಲ್ಲ. ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ ಜಗತ್ತಿಗೆ ಹರಡಿದ ಬಗೆಯನ್ನು ನೋಡಿದರೆ ಇಂದಿನ ಬಹುತೇಕ ಸಂಸ್ಥೆಗಳ ಪ್ರಚಾರದ ಅಚ್ಚು ಅಲ್ಲಿಯೇ ಸಿಗುತ್ತದೆ. 1968ರಲ್ಲಿ ಬೀಟಲ್ಸ್ ತಂಡದವರು ಋಷಿಕೇಶಕ್ಕೆ ಬಂದರು. ಪತ್ರಿಕೆಗಳು ಬೆನ್ನ ಹಿಂದೆಯೇ ಬಂದವು. ಈ ಧ್ಯಾನದ ವೇಳೆ ದೇಹಕ್ಕೆ ಆಳವಾದ ವಿಶ್ರಾಂತಿ ಸಿಗುತ್ತದೆಂಬ, ಶರೀರವಿಜ್ಞಾನಿ ರಾಬರ್ಟ್ ಕೀತ್ ವ್ಯಾಲೇಸ್ ಅವರ ಪ್ರಬಂಧ 1970ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದದ್ದು ಖ್ಯಾತನಾಮರ ಭಾವಚಿತ್ರಗಳು ತರಲಾರದ ಗೌರವವನ್ನು ತಂದಿತು; ಮುಂದೆ ಚಳವಳಿ ತನ್ನದೇ ವಿಶ್ವವಿದ್ಯಾಲಯ ಕಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರೂ ಅವರೇ. ವ್ಯಾಲೇಸ್ ಜೊತೆ ಕೆಲಸ ಮಾಡಿದ್ದ ವೈದ್ಯ ಹರ್ಬರ್ಟ್ ಬೆನ್ಸನ್ ಮಾತ್ರ, ಇಂತಹ ವಿಶ್ರಾಂತಿಗೆ ಚಳವಳಿ ಪ್ರತಿ ಸಾಧಕನಿಗೂ ಕೊಡುವ ಗುಟ್ಟಿನ ಮಂತ್ರವೇ ಬೇಕಿಲ್ಲ, ಯಾವ ಸರಳ ಪದವಾದರೂ ಆದೀತು ಎಂಬ ತೀರ್ಮಾನಕ್ಕೆ ಬಂದರು. ಭಾವಾತೀತ ಧ್ಯಾನ ಧರ್ಮವಲ್ಲ ಎಂಬ ಚಳವಳಿಯ ವಾದವನ್ನು, ಅದನ್ನು ಪಾಠವಾಗಿ ಕಲಿಸುತ್ತಿದ್ದ ಅಮೆರಿಕದ ನ್ಯೂಜೆರ್ಸಿಯ ಸರ್ಕಾರಿ ಶಾಲೆಗಳ ಪ್ರಕರಣದಲ್ಲಿ ನ್ಯಾಯಾಲಯ 1977ರಲ್ಲಿ ಒಪ್ಪಲಿಲ್ಲ, 1979ರಲ್ಲಿ ಮೇಲ್ಮನವಿಯಲ್ಲಿಯೂ ಆ ತೀರ್ಪು ಉಳಿಯಿತು. 1993ರಲ್ಲಿ ಸುಮಾರು 4,000 ಸಾಧಕರು ವಾಷಿಂಗ್ಟನ್‌ನಲ್ಲಿ ಕೂಡಿ ಕುಳಿತು ಧ್ಯಾನಿಸಿದ್ದರಿಂದ ಹಿಂಸಾಪರಾಧ ತಗ್ಗಿತೆಂದು ಹೇಳಿಕೊಂಡ ಭೌತವಿಜ್ಞಾನಿ ಜಾನ್ ಹೇಗಲಿನ್ ಅವರಿಗೆ ಮರುವರ್ಷ ವಿನೋದದ ಇಗ್ನೊಬೆಲ್ ಪ್ರಶಸ್ತಿ ದಕ್ಕಿತು. ಇಷ್ಟೆಲ್ಲ ಆದರೂ ಚಳವಳಿ ಕುಸಿಯಲಿಲ್ಲ, ಏಕೆಂದರೆ ಬೆಳಿಗ್ಗೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂರುವವನಿಗೆ ವಾಷಿಂಗ್ಟನ್ನಿನ ಅಪರಾಧದ ಅಂಕಿಅಂಶ ಏನಾದರೇನು? ಅವನಿಗೆ ಹಾಯೆನಿಸಿದರೆ ಸಾಕು, ಅವನೇ ನಾಲ್ಕು ಜನರಿಗೆ ಹೇಳುತ್ತಾನೆ.

ಹಾಗೆ ಹೇಳುವ ಬಾಯಿಗಳನ್ನಷ್ಟೇ ನೆಚ್ಚಿ ನಡೆಯಲೂ ಸಾಧ್ಯವಿದೆ. ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ವಿಪಶ್ಯನ ಶಿಬಿರಗಳು ಹತ್ತು ದಿನದ ಊಟ, ವಸತಿಗೂ ಶುಲ್ಕ ಪಡೆಯುವುದಿಲ್ಲ. ಒಂದು ಶಿಬಿರವನ್ನು ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ಸ್ವೀಕರಿಸುತ್ತವೆ. ಅಲ್ಲಿನ ಕಟ್ಟುನಿಟ್ಟು ನನ್ನ ಮೊಣಕಾಲಿಗೂ ರಜೆಯ ಲೆಕ್ಕಕ್ಕೂ ಒಗ್ಗುವಂಥದ್ದಲ್ಲ, ಆದರೆ ಆ ಒಂದು ನಿಯಮದ ಮೇಲೆ ನನಗೆ ಅಸೂಯೆಯಿದೆ. ನಮ್ಮಲ್ಲಿ ಮುಂದುವರಿದ ಶಿಬಿರಕ್ಕೆ ‘ಈ ವಾರ ಸೇರಿದರೆ ರಿಯಾಯಿತಿ’ ಎಂಬ ಸಂದೇಶ ಬರುತ್ತದೆ, ಆ ವಾರ ಮುಗಿದ ಮೇಲೂ ಬರುತ್ತದೆ.

ಕಲಿಸಿದವರ ಬಗ್ಗೆ ನನಗೆ ದೂರಿಲ್ಲ. ನಮ್ಮ ಶಿಕ್ಷಕಿ ಮೊದಲ ದಿನವೇ, ‘ಕೂತಾಗ ಹೆದರಿಕೆ, ಸಂಕಟ ಹೆಚ್ಚಿದರೆ ನಿಲ್ಲಿಸಿ, ಡಾಕ್ಟರನ್ನು ನೋಡಿ, ಇದು ಎಲ್ಲರಿಗೂ ಒಗ್ಗುತ್ತದೆ ಎಂದುಕೊಳ್ಳಬೇಡಿ’ ಎಂದಿದ್ದರು. ಇಡೀ ಶಿಬಿರದಲ್ಲಿ ನನ್ನ ನಂಬಿಕೆ ಗಳಿಸಿದ್ದು ಆ ಮಾತು, ಅದು ಯಾವ ಕರಪತ್ರದಲ್ಲಿಯೂ ಇಲ್ಲ. ಪ್ರಾಥಮಿಕ ಶಿಬಿರವನ್ನು ಕೇಳಿದವರಿಗೆ ಈಗಲೂ ಹೇಳುತ್ತೇನೆ, ಮುಂದುವರಿದದ್ದನ್ನು ಹೇಳುವುದಿಲ್ಲ, ನಾನೂ ಸೇರಿಲ್ಲ.

ಕಳೆದ ವರ್ಷ ಮತ್ತೆ ಅನುಭವ ಕೇಳಿದರು. ಹಳೆಯ ವಾಕ್ಯವನ್ನೇ ರಾತ್ರಿ ಪಾಳಿಯ ಸಮೇತ ಬರೆದು, ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲವೇ ಬಿಟ್ಟುಬಿಡಿ ಎಂದು ಕೆಳಗೆ ಸೂಚಿಸಿದೆ. ಹೊಸ ಕರಪತ್ರ ಬಂದಿದೆ. ಮೂರನೆಯ ಪುಟದಲ್ಲಿ ಈಗ ಬೇರೆಯವರ ನಿದ್ದೆ ಸುಧಾರಿಸಿದೆ.