ಕುಮಾರ ಪರ್ವತ ಹತ್ತುವ ಮುಂಚೆ: ಆಪ್‌ಗಳು, ಮಳೆ ಅಂಕಿಗಳು ಮತ್ತು ಒಂದು ಫೋನ್ ಕರೆ

ಕುಮಾರ ಪರ್ವತಕ್ಕೆ ಹೊರಡುವ ಮುಂಚೆ ನಾನು ಈಗ ಎಲ್ಲಕ್ಕಿಂತ ಜಾಸ್ತಿ ನಂಬುವುದು ಸುಬ್ರಹ್ಮಣ್ಯದ ಗೈಡ್ ಒಬ್ಬರ ಮಾತನ್ನು. ಅದಾದ ಮೇಲೆ ಮಳೆ ಅಳತೆಯ ಅಂಕಿಗಳು. ಮುನ್ಸೂಚನೆ ಹೇಳುವ ಆಪ್‌ಗಳಿಗೆಲ್ಲ ಆಮೇಲಿನ ಜಾಗ. ಹೀಗಾಗಿದ್ದು ಒಮ್ಮೆ ತುದಿಯ ಹತ್ತಿರದವರೆಗೂ ಹೋಗಿ ವಾಪಸ್ ಬಂದ ಮೇಲೆ.

ಅಕ್ಟೋಬರ್ ಕೊನೆಯ ವಾರ. ಅರಣ್ಯ ಇಲಾಖೆಯ ಪರ್ಮಿಟ್ ಸಿಕ್ಕಿತ್ತು, ಬಸ್ ಟಿಕೆಟ್ ಆಗಿತ್ತು. ಫೋನಿನ ಜೊತೆಗೇ ಬಂದಿದ್ದ ಹವಾಮಾನ ಆಪ್ ಶನಿವಾರಕ್ಕೆ ಸೂರ್ಯನ ಚಿತ್ರ ತೋರಿಸಿತು. ಮಳೆ ಸಾಧ್ಯತೆ ಶೇ. 10 ಅಂದಿತು. ಬೆಳಕು ಹರಿಯುವ ಹೊತ್ತಿಗೆ ಕುಕ್ಕೆಯಿಂದ ಹೊರಟೆವು. ಭೀಮನ ಬಂಡೆ ದಾಟಿ ಗಿರಿಗದ್ದೆಗೆ ಬಂದಾಗಲೂ ಆಕಾಶ ನೀಲಿ. ಕಲ್ಲು ಮಂಟಪ ಬಿಟ್ಟು ಸ್ವಲ್ಪ ದೂರ ಹೋಗಿರಬಹುದು, ಮಂಜು ಬಂದು ಮುಂದೆ ನಡೆಯುತ್ತಿದ್ದವನ ಬ್ಯಾಗೂ ಕಾಣಲಿಲ್ಲ. ಶೇಷ ಪರ್ವತ ಇಳಿದು, ಶೋಲಾ ಕಾಡು (ಬೆಟ್ಟದ ಮಡಿಲಿನ ದಟ್ಟ ಹಸಿರು ಕಾಡು) ದಾಟಿದರೆ ಕೊನೆಯ ಬಂಡೆ ಬರುತ್ತದೆ. ಅದರ ಮೇಲೆ ಅಗಲಕ್ಕೆ ತೆಳುವಾಗಿ ನೀರು ಹರಿಯುತ್ತಿತ್ತು. ನೀರಿನ ಕೆಳಗೆ ಕಪ್ಪು ಪಾಚಿ. ಗೆಳೆಯ ಎರಡು ಹೆಜ್ಜೆ ಇಟ್ಟ, ಮೂರನೆಯದು ಜಾರಿತು. ಮೊಣಕಾಲಿನ ಚರ್ಮ ಕಿತ್ತುಬಂತು. ಅಷ್ಟರಲ್ಲಿ ಗುಡುಗು ಶುರುವಾಯಿತು. ಅಲ್ಲಿಂದಲೇ ತಿರುಗಿದೆವು.

ಆ ಆಪ್ ಏನು ತಪ್ಪು ಮಾಡಿತು ಅಂತ ಆಮೇಲೆ ಕೂತು ನೋಡಿದೆ. ಹುಡುಕುವ ಜಾಗದಲ್ಲಿ 'ಕುಮಾರ ಪರ್ವತ' ಅಂತ ಬರೆದಿದ್ದೆ, ಮೇಲೆ ಅದೇ ಹೆಸರು ಬಂದಿತ್ತು. ಆದರೆ ಕೆಳಗೆ ಇದ್ದ ತಾಪಮಾನ 31 ಡಿಗ್ರಿ. ಕುಕ್ಕೆಗೂ ಅದೇ 31. ಇದು ಹೇಗೆ ಸಾಧ್ಯ? ಪರ್ವತದ ಎತ್ತರ 1712 ಮೀಟರ್, ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಅಂದರೆ ತುದಿಯಲ್ಲಿ ಹತ್ತು ಡಿಗ್ರಿಯಾದರೂ ಇಳಿದಿರಬೇಕು. ಬೆಟ್ಟದ ಹೆಸರು ಹಾಕಿ ಊರಿನ ಹವಾಮಾನ ತೋರಿಸುತ್ತಿತ್ತು, ಅಷ್ಟೇ.

ಇದು ಬರೀ ಚಳಿಯ ವಿಷಯವಾಗಿದ್ದರೆ ಒಂದು ಜಾಕೆಟ್ ಸಾಕಿತ್ತು. ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಮೋಡ ಕಟ್ಟುತ್ತದೆ. ಕೆಳಗೆ ಬಿಸಿಲಿರುವಾಗಲೇ ಮೇಲೆ ಹನಿಯುತ್ತಿರುತ್ತದೆ. ಹಿಂಗಾರಿನ ತಿಂಗಳುಗಳಲ್ಲಿ ಇನ್ನೊಂದು ತೊಂದರೆ: ಬೆಳಿಗ್ಗೆ ಶುಭ್ರ, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಇಡೀ ದಿನಕ್ಕೆ ಒಂದೇ ಸೂರ್ಯನ ಚಿತ್ರ ಹಾಕಿದರೆ ಹತ್ತುವವನಿಗೆ ಏನೂ ಗೊತ್ತಾಗುವುದಿಲ್ಲ. ಈಗ ಯಾವ ಆಪ್ ನೋಡಿದರೂ ಮೊದಲು ಬುಡದ ಊರು ಮತ್ತು ತುದಿ ಎರಡರ ತಾಪಮಾನ ನೋಡುತ್ತೇನೆ. ಎರಡೂ ಒಂದೇ ಇದ್ದರೆ ಆ ಆಪನ್ನು ಬೆಟ್ಟಕ್ಕೆ ಬಳಸುವುದಿಲ್ಲ. ಒಂದು ನಿಮಿಷದ ಕೆಲಸ, ನೀವೂ ಮಾಡಿ ನೋಡಿ.

ಆಪ್‌ಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ವಿಂಡಿ. ಅದರಲ್ಲಿ ಎತ್ತರ ಬದಲಾಯಿಸಿ ಗಾಳಿ ನೋಡಬಹುದು. 850 ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ) ಅನ್ನುವ ಮಟ್ಟ ಇಟ್ಟರೆ ಸುಮಾರು 1500 ಮೀಟರ್ ಎತ್ತರದ ಗಾಳಿ ಮತ್ತು ತೇವ ಕಾಣುತ್ತದೆ. ಕಲ್ಲು ಮಂಟಪದಿಂದ ಮೇಲಿನ ಬಯಲಿನಲ್ಲಿ ನಮಗೆ ಬಡಿಯುವುದು ಹೆಚ್ಚುಕಡಿಮೆ ಅದೇ ಗಾಳಿ. ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಲ್ಲಿ ಯುರೋಪಿನದು, ಅಮೆರಿಕದ್ದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಎರಡೂ ಒಂದೇ ಮಾತು ಹೇಳಿದರೆ ಧೈರ್ಯ. ಒಂದು ಮಳೆ ಅಂದು ಇನ್ನೊಂದು ಬಿಸಿಲು ಅಂದರೆ ನಾನು ಮಳೆ ಅಂದದ್ದನ್ನೇ ಹಿಡಿಯುತ್ತೇನೆ. ಆದರೆ ಮಾದರಿಗಳು ನೆಲವನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತವೆ, ಯುರೋಪಿನ ಮಾದರಿಯ ಒಂದು ಚೌಕವೇ ಸುಮಾರು 9 ಕಿಲೋಮೀಟರ್ ಅಗಲ. ಕುಕ್ಕೆಯಿಂದ ತುದಿಯವರೆಗಿನ ಇಡೀ ಏರು ಒಂದೆರಡು ಚೌಕದೊಳಗೆ ಮುಗಿದುಹೋಗುತ್ತದೆ. ಪುಕ್ಕಟೆ ಆವೃತ್ತಿಯೇ ನನಗೆ ಸಾಕು, ದುಡ್ಡು ಕೊಟ್ಟಿಲ್ಲ.

ಹವಾಮಾನ ಇಲಾಖೆಯ ಎಚ್ಚರಿಕೆ ಜಿಲ್ಲೆಗೊಂದು. ಕುಕ್ಕೆ ದಕ್ಷಿಣ ಕನ್ನಡದಲ್ಲಿ, ತುದಿ ಕೊಡಗಿನಲ್ಲಿ. ಹಾಗಾಗಿ ಎರಡೂ ಜಿಲ್ಲೆ ನೋಡಬೇಕು. ಯಾವುದಕ್ಕೇ ಆಗಲಿ ಹಳದಿ ಎಚ್ಚರಿಕೆ ಇದ್ದರೆ ನಾನು ಹೋಗುವುದಿಲ್ಲ. ಸಿಡಿಲಿಗೆ ದಾಮಿನಿ ಆಪ್ ಹಾಕಿಕೊಂಡಿರಿ. ಮೇಲೆ ಹೋದಂತೆ ಸಿಗ್ನಲ್ ಕೈಕೊಡುತ್ತದೆ, ಗಿರಿಗದ್ದೆ ಬಿಡುವ ಮುಂಚೆಯೇ ಒಮ್ಮೆ ನೋಡಿ.

ಇವೆಲ್ಲ ಹೇಳುವುದು ಮುಂದೆ ಬರುವ ಮಳೆಯನ್ನು. ಆ ದಿನ ನಮ್ಮನ್ನು ತಡೆದದ್ದು ಆಗಲೇ ಬಿದ್ದು ಹೋಗಿದ್ದ ಮಳೆ, ಅಲ್ವಾ? ಹಿಂದಿನ ಎರಡು ದಿನ ಅಲ್ಲಿ ಜೋರಾಗಿ ಸುರಿದಿತ್ತು. ಇದನ್ನು ತೋರಿಸುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಗಳು. ಅವರ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಇದು ಊಹೆಯಲ್ಲ, ಅಳೆದ ನೀರು. ಸುಬ್ರಹ್ಮಣ್ಯದ ಕಡೆಯದು, ಕೊಡಗಿನ ಸೋಮವಾರಪೇಟೆ ಕಡೆಯದು ಎರಡೂ ನೋಡಿ, ಮೂರು ದಿನದ್ದು ಕೂಡುತ್ತೇನೆ. ಯಾವ ಕಡೆಯಾದರೂ 50 ಮಿಲಿಮೀಟರ್ ದಾಟಿದರೆ ಮುಂದಿನ ವಾರಕ್ಕೆ ಹಾಕುತ್ತೇನೆ. ಈ 50 ನಾನೇ ಇಟ್ಟುಕೊಂಡ ಗೆರೆ. ನಿಮ್ಮ ಶೂ, ನಿಮ್ಮ ಅಭ್ಯಾಸ ನೋಡಿಕೊಂಡು ನಿಮ್ಮದು ಇಟ್ಟುಕೊಳ್ಳಿ.

ಇನ್ನು ಫೋನ್. ಗುರುವಾರ ಸಂಜೆ, ಬಸ್ ಟಿಕೆಟ್ ಮಾಡುವ ಮುಂಚೆ ಗೈಡ್‌ಗೆ ಕರೆ ಮಾಡುತ್ತೇನೆ. "ಹವಾಮಾನ ಹೇಗಿದೆ?" ಅಂತ ಕೇಳಿದರೆ ಪ್ರಯೋಜನವಿಲ್ಲ, ಯಾರೇ ಆದರೂ "ಪರವಾಗಿಲ್ಲ, ಬನ್ನಿ" ಅಂದುಬಿಡುತ್ತಾರೆ. ನಾನು ಕೇಳುವುದು ಬೇರೆ. ನಿನ್ನೆ ಹತ್ತಿದವರು ಎಷ್ಟು ಹೊತ್ತಿಗೆ ಇಳಿದರು? ಕೊನೆಯ ಬಂಡೆಯಲ್ಲಿ ನೀರಿದೆಯಾ? ಇಂಬಳ ಎಲ್ಲಿಯವರೆಗೆ ಇದೆ? ಮಧ್ಯಾಹ್ನ ಎಷ್ಟು ಗಂಟೆಗೆ ಮೋಡ ಇಳಿಯುತ್ತಿದೆ?

ಎರಡನೇ ಸಲ ಹೊರಟಾಗ ವಿಂಡಿಯಲ್ಲಿ ಎರಡೂ ಮಾದರಿ ಬಿಸಿಲು ಅಂದಿದ್ದವು. ಗೈಡ್ ಮಾತ್ರ, "ಬಂಡೆಯಲ್ಲಿ ನೀರು ಇನ್ನೂ ಉಂಟು ಮಾರಾಯ್ರೆ. ಈ ವಾರ ಬೇಡ" ಅಂದರು. ಮಳೆ ನಿಂತು ದಿನಗಳಾದ ಮೇಲೂ ಮೇಲಿನ ಹುಲ್ಲುಗಾವಲಿನಿಂದ ನೀರು ಜಿನುಗಿ ಆ ಬಂಡೆಗೆ ಇಳಿಯುತ್ತಲೇ ಇರುತ್ತದಂತೆ. ಇದನ್ನು ಹೇಳುವ ಆಪ್ ನಾನು ನೋಡಿಲ್ಲ. ಆ ವಾರ ಬಿಟ್ಟೆವು. ಎರಡು ವಾರ ಕಳೆದು ಅವರೇ ಬನ್ನಿ ಅಂದಾಗ ಹೋದೆವು, ಅವರನ್ನೇ ಕರೆದುಕೊಂಡು. ಗೈಡ್ ಖರ್ಚು ನಾಲ್ಕು ಜನ ಹಂಚಿಕೊಂಡರೆ ಭಾರ ಅನ್ನಿಸಲಿಲ್ಲ. ತಿರುಗಿ ಬಂದ ಟ್ರಿಪ್ಪಿನಲ್ಲಿ ಬರೀ ಬಸ್ಸಿಗೇ ಅದಕ್ಕಿಂತ ಜಾಸ್ತಿ ಕಳೆದುಕೊಂಡಿದ್ದೆವು.

ವರ್ಷಕ್ಕೆ ಒಂದೆರಡು ಬೆಟ್ಟ ಹತ್ತುವ ನನ್ನಂಥವರಿಗೆ ಈ ಫೋನು ಮತ್ತು ಮೂರು ದಿನದ ಮಳೆ ಲೆಕ್ಕ ಸಾಕು. ಪ್ರತಿ ವಾರ ಬೇರೆ ಬೇರೆ ಬೆಟ್ಟಕ್ಕೆ ಹೋಗುವವರಿಗೆ ಎಲ್ಲ ಕಡೆ ಪರಿಚಯದವರು ಇರುವುದಿಲ್ಲ, ಅವರು ವಿಂಡಿ ಕಲಿಯುವುದು ಒಳ್ಳೆಯದು. ಗೈಡ್ ಜೊತೆ ಹೋದ ಸಲ ನಾವು ಹನ್ನೊಂದೂವರೆಗೆ ಕೊನೆಯ ಬಂಡೆ ಮುಟ್ಟಿದೆವು. ಒಣಗಿತ್ತು. ಗೆಳೆಯ ಮೊದಲು ಅಂಗೈ ಇಟ್ಟು ನೋಡಿದ, ಆಮೇಲೆ ಕಾಲಿಟ್ಟ.