ಬೆಹ್ರಿಂಗರ್ ಎಕ್ಸ್‌32: ಪೋಲಾರಿಟಿಗೊಂದು ಬಟನ್, ಫೇಸ್‌ಗೆ ಡಿಲೇ

ಬೆಹ್ರಿಂಗರ್ ಎಕ್ಸ್‌32 ಸೌಂಡ್ ಮಿಕ್ಸರ್ (ಹಲವು ಮೈಕ್‌ಗಳ ದನಿ ಬೆರೆಸುವ ಯಂತ್ರ) ಬಂದಿದ್ದು 2012ರಲ್ಲಿ. 32 ಮೈಕ್ ಇನ್‌ಪುಟ್, ತಾನಾಗೇ ಓಡುವ 25 ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ), ಇದೆಲ್ಲ ಎಲ್ಲರಿಗೂ ಗೊತ್ತು. ಆದರೆ ಸಂಗೀತ ಕಚೇರಿಗೆ ಸೌಂಡ್ ಮಾಡುವವರಿಗೆ ನಾನು ಇದನ್ನೇ ತಗೊಳ್ಳಿ ಅನ್ನುವುದು ಬೇರೆ ಎರಡು ಕಾರಣಕ್ಕೆ. ಪ್ರತಿ ಚಾನೆಲ್‌ಗೂ, ಅಂದರೆ ಒಂದೊಂದು ಮೈಕ್‌ನ ದಾರಿಗೂ, ಪೋಲಾರಿಟಿ ಬಟನ್ ಇದೆ, ಪ್ರತಿ ಚಾನೆಲ್‌ಗೂ ದನಿಯನ್ನು ಬೇಕಾದಷ್ಟು ತಡಮಾಡುವ ಡಿಲೇ ಇದೆ.

ಗೇನ್ ನಾಬ್ (ಮೈಕ್ ಸಿಗ್ನಲ್ ದೊಡ್ಡದು ಮಾಡುವ ತಿರುಗುಗುಂಡಿ) ಹತ್ತಿರ ಸೊನ್ನೆಗೆ ಅಡ್ಡಗೆರೆ ಎಳೆದ ಬಟನ್ ಇದೆಯಲ್ಲ, ಅದನ್ನು ಜಾಸ್ತಿ ಜನ ಫೇಸ್ ಬಟನ್ ಅಂತಾರೆ. ಅದು ಪೋಲಾರಿಟಿ ಬಟನ್. ಒತ್ತಿದರೆ ಸಿಗ್ನಲ್‌ನ ಪ್ಲಸ್ ಹೋಗಿ ಮೈನಸ್, ಮೈನಸ್ ಹೋಗಿ ಪ್ಲಸ್ ಆಗುತ್ತದೆ, ಅಷ್ಟೇ. ಒಂಚೂರೂ ತಡವಾಗುವುದಿಲ್ಲ. ಬೇಸ್‌ನಿಂದ ಟ್ರೆಬಲ್‌ವರೆಗೆ ಎಲ್ಲವೂ ಒಟ್ಟಿಗೇ ತಿರುಗುತ್ತದೆ. ಮೈಕ್‌ಗೆ ಹಾಕುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ 2 ಮತ್ತು 3ನೇ ಪಿನ್ನಿನ ವೈರ್ ಅದಲುಬದಲು ಬೆಸುಗೆ ಹಾಕಿದರೂ ಇದೇ ಆಗುವುದು.

ಈ ಬಟನ್‌ನ ಬೆಲೆ ಗೊತ್ತಾಗಬೇಕಾದರೆ ಮೃದಂಗಕ್ಕೆ ಎರಡೂ ಕಡೆ ಮೈಕ್ ಇಟ್ಟು ನೋಡಿ. ಎಡಗಡೆ ಹೊಡೆದಾಗ ಆ ಚರ್ಮ ಒಳಗೆ ಹೋಗುತ್ತದೆ, ಅಂದರೆ ತನ್ನ ಮೈಕ್‌ನಿಂದ ದೂರ. ಒಳಗಿನ ಗಾಳಿ ಬಲಗಡೆ ಚರ್ಮವನ್ನು ಹೊರಗೆ ತಳ್ಳುತ್ತದೆ, ಅಂದರೆ ಆ ಕಡೆಯ ಮೈಕ್‌ಗೆ ಹತ್ತಿರ. ಹಾಗಾಗಿ ಎಡಗೈಯ ಆ ತುಂಬಿದ ನಾದ ಎರಡು ಮೈಕ್‌ನಲ್ಲೂ ಉಲ್ಟಾ ಉಲ್ಟಾ ಸಿಕ್ಕಿ, ಮಿಕ್ಸ್‌ನಲ್ಲಿ ಒಂದನ್ನೊಂದು ತಿಂದುಹಾಕುತ್ತದೆ. ಒಂದು ಚಾನೆಲ್‌ನಲ್ಲಿ ಬಟನ್ ಒತ್ತಿ, ಈಕ್ಯೂ (ಬೇಸ್, ಟ್ರೆಬಲ್ ಏರಿಸಿ ಇಳಿಸುವುದು) ಮುಟ್ಟದೇನೇ ಬೇಸ್ ವಾಪಸ್ ಬರುತ್ತದೆ. ಎಷ್ಟೋ ಕಚೇರಿಗಳಲ್ಲಿ ಇದನ್ನು ಮಾಡದೆ ಸುಮ್ನೆ ಬೇಸ್ ಏರಿಸಿ ಏರಿಸಿ ಫೀಡ್‌ಬ್ಯಾಕ್ (ಸ್ಪೀಕರ್ ಕೂಗುವುದು) ತಂದುಕೊಳ್ಳುತ್ತಾರೆ, ಪಾಪ ಆ ಮೃದಂಗದವರು ಏನು ಮಾಡಬೇಕು ಹೇಳಿ.

ವೀಣೆಯದು ಬೇರೆ ಕಥೆ. ವೀಣೆಯ ಮೈಗೆ ಅಂಟಿಸಿದ ಪಿಕಪ್ (ಕಂಪನ ಹಿಡಿಯುವ ಸೆನ್ಸರ್) ಒಂದು, 34 ಸೆಂಟಿಮೀಟರ್ ದೂರದಲ್ಲಿ ಮೈಕ್ ಒಂದು ಅಂದುಕೊಳ್ಳಿ. ಅಷ್ಟು ದೂರ ಹೋಗಲು ಶಬ್ದಕ್ಕೆ ಸುಮಾರು 1 ಮಿಲಿಸೆಕೆಂಡ್ ಬೇಕು. ಆ ತಡ 500 ಹರ್ಟ್ಸ್‌ಗೆ ಸರಿಯಾಗಿ ಅರ್ಧ ಸುತ್ತು, 180 ಡಿಗ್ರಿ, ಅಲ್ಲಿ ದನಿ ಕುಸಿಯುತ್ತದೆ. 1000ಕ್ಕೆ ಪೂರ್ತಿ ಸುತ್ತು, ಅಲ್ಲಿ ಕೂಡಿಕೊಳ್ಳುತ್ತದೆ. 1500ಕ್ಕೆ ಮತ್ತೆ ಕುಸಿತ. ಫೇಸ್ ಅಂದರೆ ಇದು, ಒಂದೊಂದು ಫ್ರೀಕ್ವೆನ್ಸಿಗೂ ಒಂದೊಂದು ಲೆಕ್ಕ. ಇಲ್ಲಿ ಪೋಲಾರಿಟಿ ಬಟನ್ ಒತ್ತಿದರೆ 500 ವಾಪಸ್ ಬರುತ್ತದೆ, ಆದರೆ 1000 ಹೋಗುತ್ತದೆ, ಜೊತೆಗೆ ಬೇಸ್ ಕೂಡ. ಮೊದಲು ತಲುಪುವ ಪಿಕಪ್ ಚಾನೆಲ್‌ಗೆ 1 ಮಿಲಿಸೆಕೆಂಡ್ ಡಿಲೇ ಕೊಟ್ಟರೆ ಎರಡೂ ಜೊತೆಗೆ ಬರುತ್ತವೆ, ತಂತಿಯ ದನಿ ಗಟ್ಟಿಯಾಗುತ್ತದೆ.

ಬೇಜಾರಿನ ವಿಷಯವೂ ಇದೆ. ಡಿಲೇಗೆ ಪ್ಯಾನೆಲ್ ಮೇಲೆ ಬಟನ್ ಇಲ್ಲ, ಸ್ಕ್ರೀನ್‌ನಲ್ಲಿ ಕಾನ್ಫಿಗ್ ಪೇಜ್‌ಗೆ ಹೋಗಬೇಕು. ಅದರ ಮಿತಿ 0.3ರಿಂದ 500 ಮಿಲಿಸೆಕೆಂಡ್. 0.3 ಅಂದರೆ ಸುಮಾರು ಹತ್ತು ಸೆಂಟಿಮೀಟರ್, ಅದಕ್ಕಿಂತ ಕಡಿಮೆ ಅಂತರ ಸರಿಮಾಡಬೇಕಾದರೆ ಒಂದಕ್ಕೆ 0.3, ಇನ್ನೊಂದಕ್ಕೆ 0.4 ಹಾಕಿ, 0.1 ವ್ಯತ್ಯಾಸ ಸಿಗುತ್ತದೆ.

ಕೊಳ್ಳಲಿ, ಬಾಡಿಗೆಗೆ ತರಲಿ, ಸೌಂಡ್ ಚೆಕ್‌ನಲ್ಲಿ ಎರಡು ಮೈಕ್‌ನ ಲೆವೆಲ್ ಸಮ ಮಾಡಿ, ಎರಡನ್ನೂ ಪ್ಯಾನ್ ಮಾಡದೆ, ಅಂದರೆ ಎಡಕ್ಕೋ ಬಲಕ್ಕೋ ಸರಿಸದೆ, ನಡುವೆ ಇಟ್ಟು, ಮೊದಲು ಡಿಲೇ ಸರಿಮಾಡಿ, ಆಮೇಲೆ ಪೋಲಾರಿಟಿ ಒಮ್ಮೆ ಒತ್ತಿ, ಒಮ್ಮೆ ಒತ್ತದೆ ಕೇಳಿ. ಬೇಸ್ ಜಾಸ್ತಿ ಬಂದ ಕಡೆ ಬಿಡಿ.