‘ಪೂರ್ತಿ ಸೆಟ್’ ಹೆಸರಿನಲ್ಲಿ ಹಳೇ ಕಾರು ಪತ್ರಿಕೆ ಕೊಳ್ಳುವವರೇ, ಬೆನ್ನಿನ ಫೋಟೊ ನೋಡಿ ಹಣ ಹಾಕಬೇಡಿ

ಹಳೇ ಕಾರು ಮಾಸಿಕಗಳನ್ನು ಮಾರುವವರ ಜಾಹೀರಾತುಗಳು ಈಚೆಗೆ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಬರುತ್ತಿವೆ. ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ ಸಂಚಿಕೆಗಳ ಬೆನ್ನಷ್ಟೇ ಕಾಣುವ ಎರಡು ಮೂರು ಫೋಟೊ, ‘ಪೂರ್ತಿ ಸೆಟ್, ಒಬ್ಬರ ಕೈಯಲ್ಲೇ ಇದ್ದದ್ದು, ಬಿಡಿಯಾಗಿ ಕೊಡುವುದಿಲ್ಲ’ ಎಂಬ ಒಕ್ಕಣೆ, ಇವತ್ತೇ ಹಣ ಹಾಕದಿದ್ದರೆ ಬೇರೆಯವರು ಒಯ್ಯುತ್ತಾರೆ ಎಂಬ ಅವಸರ. ಇಂಥದ್ದೊಂದು ಲಾಟ್ ನಮ್ಮ ಬಳಗಕ್ಕೆ ಬಂತು. ಅದರಲ್ಲಿ ಏನೇನು ಸರಿಯಿರಲಿಲ್ಲ, ಯಾವುದನ್ನು ಹಣ ಕೊಡುವ ಮೊದಲೇ ಪತ್ತೆ ಹಚ್ಚಬಹುದು ಎಂಬುದನ್ನು ಕೊಳ್ಳುವವರ ಅನುಕೂಲಕ್ಕಾಗಿ ಇಲ್ಲಿ ಬರೆದಿದೆ.

ಜಾಹೀರಾತಿನ ಪ್ರಕಾರ ಅದು ಒಂದು ಇಂಗ್ಲಿಷ್ ಕಾರು ಮಾಸಿಕದ 2000ದ ಜನವರಿಯಿಂದ 2006ರ ಡಿಸೆಂಬರ್ ವರೆಗಿನ ಸೆಟ್: 84 ಸಂಚಿಕೆ, ಒಂದಕ್ಕೆ 250ರಂತೆ 21,000 ರೂಪಾಯಿ. ಪೆಟ್ಟಿಗೆ ಬಿಚ್ಚಿ ಎಣಿಸಿದಾಗ ಬೆನ್ನುಗಳು 84 ಇದ್ದದ್ದು ನಿಜ. ಆದರೆ ಅವುಗಳಲ್ಲಿ 12, ಪತ್ರಿಕೆಯ ಜೊತೆ ಉಚಿತವಾಗಿ ಕೊಡುವ ತೆಳು ಪುರವಣಿಗಳು. ಅವುಗಳ ಬೆನ್ನಿನ ಮೇಲೂ ಅದೇ ಹೆಸರು, ಅದೇ ಬಣ್ಣ ಇರುವುದರಿಂದ ಫೋಟೊದಲ್ಲಿ ಸಂಚಿಕೆಯಂತೆಯೇ ಕಾಣುತ್ತವೆ. ಕೆಳಗಿನ ಸಾಲಿನ 19 ಸಂಚಿಕೆ ನೀರು ಕುಡಿದು ಹಾಳೆಗೆ ಹಾಳೆ ಅಂಟಿ ಹಲಗೆಯಂತಾಗಿದ್ದವು. 23ರಲ್ಲಿ ಹಾಳೆಗಳನ್ನು ಕಿತ್ತಿದ್ದರು. ಮೂರರ ಮುಖಪುಟ ಕಲರ್ ಜೆರಾಕ್ಸ್. ತಪ್ಪಿಲ್ಲದೆ ಉಳಿದದ್ದು 27. ಅಂದರೆ ಒಂದು ಒಳ್ಳೆಯ ಸಂಚಿಕೆಗೆ 778 ರೂಪಾಯಿ ಬಿತ್ತು. ಬಿಡಿಯಾಗಿ ಆರಿಸಿಕೊಂಡಿದ್ದರೆ ಇದರ ಕಾಲು ಭಾಗದಲ್ಲಿ ಮುಗಿಯುತ್ತಿತ್ತು.

ಕಿತ್ತ ಹಾಳೆಗಳು ಯಾವುವು ಎಂಬುದನ್ನು ಗಮನಿಸಿ. 2000ದ ಟೊಯೋಟಾ ಕ್ವಾಲಿಸ್, 2001ರ ರೇವಾ, 2002ರ ಸ್ಕಾರ್ಪಿಯೊ, 2005ರ ಸ್ವಿಫ್ಟ್ ಮತ್ತು ಇನ್ನೋವಾ ಕಾರುಗಳ ಲೇಖನಗಳು. ಸಂಗ್ರಹಕಾರರು ಹುಡುಕುವುದೇ ಇವನ್ನು. ಕ್ವಾಲಿಸ್, ಇನ್ನೋವಾ ಎರಡೂ ಬಿಡದಿಯಲ್ಲಿ ತಯಾರಾದವು, ರೇವಾ ಬೆಂಗಳೂರಿನದೇ ಎಲೆಕ್ಟ್ರಿಕ್ ಕಾರು, ಹಾಗಾಗಿ ನಮ್ಮ ಕಡೆ ಇವಕ್ಕೆ ಬೇಡಿಕೆ ಇನ್ನೂ ಜಾಸ್ತಿ. ಹಳೇ ಗಾಡಿ ದುರಸ್ತಿ ಮಾಡಿಸುವವರಿಗೆ ಆ ಕಾಲದ ಬಣ್ಣ, ಸೀಟು ಬಟ್ಟೆ, ವೀಲ್ ಕ್ಯಾಪ್ ಹೇಗಿದ್ದವು ಎಂದು ನೋಡಲು ಇವೇ ಆಧಾರ. ಆ ಲೇಖನಗಳನ್ನು ಕತ್ತರಿಸಿ ಬೇರೆಯಾಗಿ ಮಾರಿ, ಉಳಿದ ಮೈಯನ್ನು ‘ಸೆಟ್’ ಎಂದು ಸಾಗಹಾಕುವ ವ್ಯಾಪಾರ ನಡೆಯುತ್ತಿದೆ. ಆದ್ದರಿಂದ ಯಾವ ಲಾಟ್ ಆಗಲಿ, ಮೊದಲು ಈ ಬಗೆಯ ನಾಲ್ಕೈದು ಸಂಚಿಕೆಗಳನ್ನು ಹೆಸರಿಸಿ ಅವುಗಳ ಒಳಪುಟದ ಫೋಟೊ ಕೇಳಿ. ಮುಖ್ಯ ಲೇಖನ ಇದ್ದರೆ ಸಾಲದು, ಅದರ ಕೊನೆಯ ಪುಟವನ್ನೂ ನೋಡಬೇಕು. ಹೊಸ ಕಾರನ್ನು ಮೊದಲ ಸಲ ಓಡಿಸಿ ಬರೆಯುವ ‘ಫಸ್ಟ್ ಡ್ರೈವ್’ ಬರಹಗಳಲ್ಲಿ ಅಳತೆ ಮಾಡಿದ ಅಂಕಿಅಂಶ ಸಾಮಾನ್ಯವಾಗಿ ಇರುವುದಿಲ್ಲ. ಪೂರ್ತಿ ‘ರೋಡ್ ಟೆಸ್ಟ್’ ಆದರೆ 0–100 ಕಿ.ಮೀ. ವೇಗ ಮುಟ್ಟುವ ಸಮಯ, ಬ್ರೇಕಿಂಗ್, ಮೈಲೇಜ್ ಕೊಡುವ ಕೋಷ್ಟಕ ಹೆಚ್ಚಾಗಿ ಕೊನೆಯ ಪುಟದಲ್ಲಿರುತ್ತದೆ. ಅದೊಂದು ಹಾಳೆ ಹೋದರೆ ಆ ಸಂಚಿಕೆಯ ಜೀವವೇ ಹೋದಂತೆ.

ಹಾಳೆ ಕಿತ್ತದ್ದನ್ನು ಕಂಡುಹಿಡಿಯುವ ಬಗೆ ಬೈಂಡಿಂಗ್ ಮೇಲೆ ನಿಂತಿದೆ. ಮಧ್ಯದಲ್ಲಿ ಪಿನ್ ಹೊಡೆದ ತೆಳು ಪತ್ರಿಕೆಯಲ್ಲಿ ಲೆಕ್ಕ ಸುಲಭ. ಒಂದೇ ದೊಡ್ಡ ಹಾಳೆ ಮಡಿಚಿ ಎರಡಾಗಿರುವುದರಿಂದ ಆ ಹಾಳೆಯ ಒಂದೇ ಮೈಯಲ್ಲಿರುವ ಎರಡು ಪುಟಗಳ ಸಂಖ್ಯೆ ಕೂಡಿದರೆ ಯಾವಾಗಲೂ ಒಟ್ಟು ಪುಟಕ್ಕಿಂತ ಒಂದು ಹೆಚ್ಚು ಬರುತ್ತದೆ. 96 ಪುಟದ ಪತ್ರಿಕೆಯಲ್ಲಿ 32ರ ಜೋಡಿ 65. ಅಲ್ಲಿ 31–32 ಕಿತ್ತಿದ್ದರೆ 65–66 ಸಡಿಲವಾಗಿ ಅಲ್ಲಾಡುತ್ತಿರುತ್ತದೆ ಅಥವಾ ಅಂಟಿನಿಂದ ಕೂರಿಸಿರುತ್ತಾರೆ. ಪೋಸ್ಟರ್ ಇರುವುದು ನಟ್ಟನಡುವೆ, 48–49ರಲ್ಲಿ. ಅಲ್ಲಿಯ ಪಿನ್ನಿನ ಕಾಲುಗಳನ್ನು ಹತ್ತಿರದಿಂದ ನೋಡಿ. ಒಮ್ಮೆ ಬಿಚ್ಚಿ ಮತ್ತೆ ಮಡಿಚಿದ ಪಿನ್ ನೆಟ್ಟಗೆ ಕೂರುವುದಿಲ್ಲ, ಅದರ ತೂತೂ ಸ್ವಲ್ಪ ಉದ್ದಕ್ಕೆ ಹರಿದಿರುತ್ತದೆ.

ಚಪ್ಪಟೆ ಬೆನ್ನಿನ ದಪ್ಪ ಸಂಚಿಕೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅವುಗಳ ಬೆನ್ನನ್ನು ಯಂತ್ರದಲ್ಲಿ ತರಿದು ಬಿಸಿ ಅಂಟು ಹಾಕಿರುತ್ತಾರೆ, ಒಂದೊಂದು ಹಾಳೆಯೂ ತಾನೇತಾನಾಗಿ ಅಂಟಿಕೊಂಡಿರುತ್ತದೆ. ಒಂದನ್ನು ಎಳೆದು ಕಿತ್ತರೆ ಪಕ್ಕದ್ದು ಕದಲುವುದಿಲ್ಲ, ಮೇಲ್ನೋಟಕ್ಕೆ ಏನೂ ತಿಳಿಯುವುದಿಲ್ಲ. ಬಲಗಡೆಯ ಪುಟಕ್ಕೆ ಬೆಸ ಸಂಖ್ಯೆ ಎಂಬುದನ್ನು ನೆನಪಿಟ್ಟು 46ರ ಎದುರು 47 ಇದೆಯೋ 49 ಇದೆಯೋ ಎಂದು ಒಂದೊಂದಾಗಿ ನೋಡುವುದೇ ದಾರಿ. ಜಾಹೀರಾತಿನ ಪುಟಗಳಿಗೆ ಸಂಖ್ಯೆ ಹಾಕದೆ ಬಿಡುವುದು ಮಾಮೂಲು, ಅವನ್ನೂ ಎಣಿಕೆಗೆ ಸೇರಿಸಿಕೊಳ್ಳಿ. ಅನುಮಾನ ಬಂದ ಜಾಗದಲ್ಲಿ ಪತ್ರಿಕೆಯನ್ನು ಮೆಲ್ಲಗೆ ಅಗಲಿಸಿ ಬೆಳಕಿಗೆ ಹಿಡಿದರೆ ಬುಡದಲ್ಲಿ ಅಂಟಿನ ಬರಿಯ ಗೆರೆ ಅಥವಾ ಒಂದೆರಡು ಮಿಲಿಮೀಟರ್ ಹರಿದ ಅಂಚು ಸಿಗುತ್ತದೆ. ಹಳೆಯ ಅಂಟು ಒಣಗಿ ಪೆಡಸಾಗಿರುವುದರಿಂದ ಪೂರ್ತಿ ಚಪ್ಪಟೆಯಾಗಿ ಬಿಚ್ಚಿದರೆ ಬೆನ್ನು ಅಲ್ಲೇ ಎರಡಾಗುತ್ತದೆ, 90 ಡಿಗ್ರಿಗಿಂತ ಹೆಚ್ಚು ತೆರೆಯಬೇಡಿ.

ತೂಕ ಇನ್ನೊಂದು ಒಳ್ಳೆಯ ಸಾಕ್ಷಿ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಪಾಲು, ಹಾಗಾಗಿ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಕಾಗದವಾದರೆ ಹಾಳೆಯೊಂದು 5 ಗ್ರಾಂ. 160 ಪುಟ ಅಂದರೆ 80 ಹಾಳೆ, ಸುಮಾರು 400 ಗ್ರಾಂ. ಈ ಲೆಕ್ಕದಲ್ಲಿ 84 ಸಂಚಿಕೆ 33 ಕೆಜಿಗೂ ಮೇಲಿರಬೇಕು, ರಟ್ಟಿನ ಪೆಟ್ಟಿಗೆ ಬೇರೆ. ಪಾರ್ಸೆಲ್ ಶುಲ್ಕ ಕೇಳುವಾಗ ಮಾರಿದವರೇ ಬರೆದ ತೂಕ ಪೆಟ್ಟಿಗೆ ಸೇರಿ 31 ಕೆಜಿ. ಆ ಕೊರತೆಯಲ್ಲೇ ಪುರವಣಿಯ ಆಟ ಬಯಲಾಗುತ್ತಿತ್ತು. ಆದ್ದರಿಂದ ಹಣಕ್ಕೆ ಮೊದಲು ತೂಕ ಕೇಳಿ. ನಿಮ್ಮಲ್ಲಿರುವ ಅದೇ ವರ್ಷದ ಸರಿಯಾದ ಸಂಚಿಕೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ಹೋಲಿಸಿ. ನಾಲ್ಕು ಹಾಳೆ ಹೋಗಿದ್ದರೆ 20 ಗ್ರಾಂ ಕಡಿಮೆ ತೋರಿಸುತ್ತದೆ. ತೇವ ಎಳೆದ ಕಾಗದ ತೂಕ ಹೆಚ್ಚು ತೂಗುತ್ತದೆ, ಹಾಗಾಗಿ ತೂಕ ಸರಿಬಂದ ಮಾತ್ರಕ್ಕೆ ಎಣಿಕೆ ಬಿಡುವ ಹಾಗಿಲ್ಲ.

ಇನ್ನು ನೀರು ಕುಡಿದ ಆ 19 ಸಂಚಿಕೆ. ಹೆಚ್ಚು ನೋವು ಕೊಟ್ಟದ್ದು ಇವೇ, ಯಾಕೆಂದರೆ ಇವನ್ನು ಸರಿಪಡಿಸುವ ದಾರಿಯೇ ಇಲ್ಲ. ಕಾರು ಪತ್ರಿಕೆಯ ಹೊಳಪಿನ ಆರ್ಟ್ ಪೇಪರ್ ಮೇಲೆ ಜೇಡಿ ಮತ್ತು ಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಸವರಿರುತ್ತಾರೆ. ನೀರು ತಾಗಿದರೆ ಆ ಅಂಟು ಮೆತ್ತಗಾಗುತ್ತದೆ. ಹಾಳೆಗಳು ಒತ್ತಿಕೊಂಡಿರುವಾಗಲೇ ಒಣಗಿದರೆ ಎದುರುಬದುರು ಪುಟಗಳ ಲೇಪ ಸೇರಿ ಒಂದಾಗುತ್ತದೆ. ಆಮೇಲೆ ಎಳೆದರೆ ಒಂದು ಪುಟದ ಚಿತ್ರ ಇನ್ನೊಂದಕ್ಕೆ ಅಂಟಿಕೊಂಡೇ ಬರುತ್ತದೆ. ಹಬೆ ಹಿಡಿಯುವುದು, ಇಸ್ತ್ರಿ ಹಾಕುವುದು, ಮತ್ತೆ ನೀರಲ್ಲಿ ನೆನೆಸುವುದು, ಯಾವುದೂ ಕೆಲಸಕ್ಕೆ ಬರುವುದಿಲ್ಲ. ನ್ಯೂಸ್‌ಪ್ರಿಂಟ್ ಪತ್ರಿಕೆ ಒದ್ದೆಯಾದರೆ ಸುಕ್ಕಾಗಿಯಾದರೂ ಓದಲು ಸಿಗುತ್ತದೆ, ಹೊಳಪು ಕಾಗದ ಹಾಗಲ್ಲ.

ಫೋಟೊದಲ್ಲೇ ಇದನ್ನು ಗುರುತಿಸಬಹುದು. ಬೆನ್ನಿನ ಫೋಟೊ ಬದಲು ಎದುರಿನ ಅಂಚಿನ ಫೋಟೊ ಕೇಳಿ. ಒಣ ಸಂಚಿಕೆಯ ಅಂಚಿನಲ್ಲಿ ಹಾಳೆಗಳು ಕೂದಲೆಳೆಯಂತೆ ಬೇರೆಬೇರೆ ಕಾಣುತ್ತವೆ. ನೀರು ಕುಡಿದದ್ದರಲ್ಲಿ ಅಂಚು ಅಲೆಅಲೆಯಾಗಿ ಎದ್ದಿರುತ್ತದೆ, ನಡುನಡುವೆ ಕಾಲು ಅಂಗುಲದಷ್ಟು ಭಾಗ ಗಟ್ಟಿ ಪಟ್ಟಿಯಂತೆ ಮುದ್ದೆಯಾಗಿರುತ್ತದೆ. ಸುಲಭವಾದ ಇನ್ನೊಂದು ಪರೀಕ್ಷೆ, ಹತ್ತು ಸೆಕೆಂಡಿನ ವಿಡಿಯೊದಲ್ಲಿ ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟು ತೋರಿಸಲು ಹೇಳುವುದು. ಒಳ್ಳೆಯ ಸಂಚಿಕೆ ಒಂದೇ ಸಮನೆ ಸರ್ರೆಂದು ಓಡುತ್ತದೆ, ಅಂಟಿದ್ದು ಮಧ್ಯೆ ಮಧ್ಯೆ ದಪ್ಪಗೆ ಮಗುಚಿಕೊಳ್ಳುತ್ತದೆ. ಈ ವಿಡಿಯೊ ಕೊಡಲು ಒಪ್ಪದವರಿಂದ ಕೊಳ್ಳಬೇಡಿ.

ಪಾರ್ಸೆಲ್ ದಾರಿಯಲ್ಲಿ ನೆನೆದು ಇನ್ನೂ ಒದ್ದೆಯಾಗಿರುವಾಗಲೇ ಕೈಗೆ ಬಂದರೆ ಮಾತ್ರ ಉಳಿಸಿಕೊಳ್ಳುವ ಅವಕಾಶ ಇದೆ, ಅದೂ ಕೆಲವೇ ಗಂಟೆ. ಆಗ ಬಿಸಿಲಿಗೆ ಹಾಕಬೇಡಿ, ಕಟ್ಟಿಟ್ಟು ತಾನೇ ಒಣಗಲಿ ಎಂದು ಬಿಡಲೂಬೇಡಿ. ಒಂದೆರಡೇ ಇದ್ದರೆ ಪ್ರತಿ ಹಾಳೆಯ ನಡುವೆ ಬಟರ್ ಪೇಪರ್ ಇಟ್ಟು ಫ್ಯಾನಿನ ಗಾಳಿಯಲ್ಲಿ ಒಣಗಿಸಿ, ಒದ್ದೆಯಾದ ಪೇಪರ್ ಬದಲಿಸುತ್ತಿರಿ. ತುಂಬ ಇದ್ದರೆ ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಡೀಪ್ ಫ್ರೀಜರಿಗೆ ಹಾಕಿ. ಹೆಪ್ಪುಗಟ್ಟಿದಾಗ ಅಂಟುವುದೂ ಬೂಷ್ಟು ಹಿಡಿಯುವುದೂ ನಿಲ್ಲುತ್ತದೆ, ಆಮೇಲೆ ಒಂದೊಂದಾಗಿ ತೆಗೆದು ಬಿಡಿಸಬಹುದು. ಒದ್ದೆ ಕಾಗದಕ್ಕೆ ಎರಡು ದಿನದಲ್ಲಿ ಬೂಷ್ಟು ಬರುತ್ತದೆ, ಹಾಗಾಗಿ ನಾಳೆ ನೋಡೋಣ ಎನ್ನುವಂತಿಲ್ಲ.

ಮುಖಪುಟದ ಮೋಸ ಹಿಡಿಯಲು 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಸಣ್ಣ ಹೂವಿನ ಆಕಾರದಲ್ಲಿ ಕ್ರಮವಾಗಿ ಕೂತಿರುತ್ತವೆ. ಸಣ್ಣ ಕಪ್ಪು ಅಕ್ಷರಗಳ ಅಂಚು ಚಾಕುವಿನಿಂದ ಕೊರೆದಷ್ಟು ಚೂಪು. ಸ್ಕ್ಯಾನ್ ಮಾಡಿ ಮುದ್ರಿಸಿದ್ದರಲ್ಲಿ ಅಕ್ಷರದ ಸುತ್ತಲೂ ಬಣ್ಣದ ಚುಕ್ಕೆ ಚೆಲ್ಲಿರುತ್ತದೆ. ಅದರ ಮೇಲೆ ಬಿಸಿ ಲ್ಯಾಮಿನೇಷನ್ ಹಾಕಿದ್ದರಂತೂ ಅನುಮಾನ ಇನ್ನಷ್ಟು ಗಟ್ಟಿ. ಆದರೆ ನಿಜವಾದ ಮುಖಪುಟಕ್ಕೇ ಲ್ಯಾಮಿನೇಷನ್ ಹಾಕಿಸಿ ‘ರಕ್ಷಣೆ’ ಎನ್ನುವವರೂ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ, ಹಾಳೆ ಹರಿಯದೆ ಅದನ್ನು ತೆಗೆಯಲು ಆಗುವುದಿಲ್ಲ.

ಗ್ರಂಥಾಲಯದಿಂದ ಹೊರಬಿದ್ದ ಬೈಂಡ್ ಸಂಪುಟಗಳು ಅಗ್ಗವಾಗಿ ಸಿಗುತ್ತವೆ. ಬರೀ ಓದಿಗಾದರೆ ಅಡ್ಡಿಯಿಲ್ಲ. ಸಂಗ್ರಹಕ್ಕೆ ಬೇಡ: ಮುಖಪುಟಗಳನ್ನು ಕಿತ್ತಿರುತ್ತಾರೆ, ಮೂರು ಬದಿ ಕತ್ತರಿಸಿರುತ್ತಾರೆ, ಬುಡದಲ್ಲಿ ಅಡ್ಡಹೊಲಿಗೆ ಹಾಕಿರುವುದರಿಂದ ಎರಡು ಪುಟಕ್ಕೆ ಹರಡಿದ ಫೋಟೊದ ನಡುಭಾಗ ಹೊಲಿಗೆಯೊಳಗೆ ಹೂತುಹೋಗುತ್ತದೆ. ಅಲ್ಲಿರುವುದು ಬಹುತೇಕ ಕಾರಿನ ಬಾಗಿಲೇ.

ಪತ್ರಿಕೆ ಶುರುವಾದ ವರ್ಷ ಗೊತ್ತಿದ್ದರೆ ಅರ್ಧ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಓವರ್‌ಡ್ರೈವ್ ಬಂದದ್ದು 1998ರಲ್ಲಿ, ಆಟೋಕಾರ್ ಇಂಡಿಯಾ 1999ರಲ್ಲಿ. ‘1996ರಿಂದ ಪೂರ್ತಿ’ ಎಂದು ಯಾರಾದರೂ ಬರೆದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಅಮೆರಿಕದ ಕಾರ್ ಅಂಡ್ ಡ್ರೈವರ್‌ಗೆ 1961ರ ವರೆಗೆ ಸ್ಪೋರ್ಟ್ಸ್ ಕಾರ್ಸ್ ಇಲಸ್ಟ್ರೇಟೆಡ್ ಎಂಬ ಹೆಸರಿತ್ತು. 1895ರಿಂದ ನಡೆದುಬಂದಿರುವ ಬ್ರಿಟನ್ನಿನ ಆಟೋಕಾರ್‌ನ 1930ರ ದಶಕದ ಸಂಚಿಕೆ ಎಂದು ಯಾರಾದರೂ ತೋರಿಸಿದರೆ ಕತ್ತಲಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಬಿಡಿ. ಕಾಗದಕ್ಕೆ ಯುವಿ ಬೆಳಕಿನಲ್ಲಿ ಹೊಳೆಯುವ ಬಿಳುಪುಕಾರಕ ಹಾಕುವ ರೂಢಿ ಬಂದದ್ದು 1950ರ ಆಸುಪಾಸಿನಲ್ಲಿ. ಹಾಳೆ ನೀಲಿಯಾಗಿ ಹೊಳೆದರೆ ಅದು ಮರುಮುದ್ರಣ.

ಹಣದ ವಿಷಯ. ಎಂಬತ್ತು ತೊಂಬತ್ತು ಸಂಚಿಕೆಯ ಲಾಟ್ ಆದರೆ ಮೊದಲು ನಿಮ್ಮ ಆಯ್ಕೆಯ ಐದನ್ನು ಬಿಡಿಯಾಗಿ ತರಿಸಿ ನೋಡಿ. ಒಪ್ಪಂದವನ್ನು ಫೋನಿನಲ್ಲಿ ಮಾತಾಡಿ ಮುಗಿಸದೆ ‘ಪುರವಣಿ ಬಿಟ್ಟು ಇಂತಿಷ್ಟು ಮುಖ್ಯ ಸಂಚಿಕೆ, ಹಾಳೆ ಕಿತ್ತಿಲ್ಲ, ನೀರು ತಾಗಿಲ್ಲ, ಮುಖಪುಟ ಮೂಲದ್ದು’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಪೆಟ್ಟಿಗೆ ಒಂದಕ್ಕೆ 12–15 ಕೆಜಿಗಿಂತ ಹೆಚ್ಚು ತುಂಬಬೇಡಿ ಎಂದು ಹೇಳಿ, ಅದಕ್ಕಿಂತ ಭಾರವಾದರೆ ಲಾರಿಯಲ್ಲಿ ಕೆಳಗೆ ಬಿದ್ದ ಪೆಟ್ಟಿಗೆಯ ತಳ ಬಿಡುತ್ತದೆ. ಒಳಗೆ ಪಾಲಿಥಿನ್ ಹಾಳೆ ಸುತ್ತಲೇಬೇಕು. ಸಂಚಿಕೆಗಳಿಗೆ ರಬ್ಬರ್ ಬ್ಯಾಂಡ್, ಸೆಲ್ಲೋಟೇಪ್ ತಾಗಬಾರದು. ಬಂದ ಪೆಟ್ಟಿಗೆಯ ಆರೂ ಮೈ, ತೂಕದ ಚೀಟಿ, ಬಿಚ್ಚುವ ಕ್ಷಣ ಎಲ್ಲವೂ ಒಂದೇ ವಿಡಿಯೊದಲ್ಲಿ ತುಂಡಾಗದಂತೆ ಇರಲಿ. ಹಣ ಹಾಕಿಸಿಕೊಂಡು ಮಾಲೇ ಕಳಿಸದೆ ನಂಬರ್ ಬಂದ್ ಮಾಡಿದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಾಲು ಕೆಟ್ಟದ್ದು ಬಂದಿದ್ದು, ಮಾರಿದವರು ಅಂಗಡಿಯವರೋ ವ್ಯಾಪಾರಿಯೋ ಆಗಿದ್ದರೆ ಗ್ರಾಹಕ ಸಹಾಯವಾಣಿ 1915. ಮನೆ ಖಾಲಿ ಮಾಡುವಾಗ ಮಾರಿದ ಖಾಸಗಿ ವ್ಯಕ್ತಿಯಾದರೆ ಆ ದಾರಿ ಸಾಮಾನ್ಯವಾಗಿ ಇಲ್ಲ, ಅದಕ್ಕೇ ಬರಹದಲ್ಲಿ ಪಡೆದ ಒಪ್ಪಂದ ಮುಖ್ಯ.

ಹೊರಗಿನಿಂದ ಬಂದ ಲಾಟ್ ಅನ್ನು ನೇರವಾಗಿ ನಿಮ್ಮ ಕಪಾಟಿಗೆ ಸೇರಿಸಬೇಡಿ. ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಹುಳು, ಅದರ ಮೊಟ್ಟೆ ಬೆನ್ನಿನ ಸಂದಿಯಲ್ಲಿ ಕೂತೇ ಬರುತ್ತವೆ. ಒಣಗಿರುವ ಸಂಚಿಕೆಗಳನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ ಮನೆಯ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು ಒಂದು ಪೂರ್ತಿ ದಿನ ಬಿಚ್ಚಬೇಡಿ, ಬಿಚ್ಚಿದರೆ ಗಾಳಿಯ ತೇವ ತಣ್ಣಗಿನ ಹೊಳಪು ಕಾಗದದ ಮೇಲೆ ನೀರಾಗಿ ಕೂರುತ್ತದೆ.